ದಾಳಿಂಬೆ ಸಿಪ್ಪೆ ಮತ್ತು ಮನೆಯೊಡತಿಯ ಕಾಲು

ಎರಡು ಸಾವಿರದ ಆರರ ಸುಮಾರಿಗೆ ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ ಪಿಎಚ್‌.ಡಿ. ಮಾಡುತ್ತಿದ್ದೆ. ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ವಿಧವೆಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಸಂಜೆ ಅವರೊಡನೆ ಆಡುವ ನಾಲ್ಕು ಮಾತು ಬಿಟ್ಟರೆ ದಿನವೆಲ್ಲ ಮೌನ.

ನಾನು ಬೆಳೆಸುತ್ತಿದ್ದ ಬ್ಯಾಕ್ಟೀರಿಯಾ ಗುಂಪು ದೊಡ್ಡದಾದಾಗ ರಾಸಾಯನಿಕ ಸಂಕೇತ ಕೊಟ್ಟುಕೊಂಡು ಒಟ್ಟಿಗೇ ನೇರಳೆ ಬಣ್ಣ ತಳೆಯುತ್ತಿತ್ತು. ಇಂಥ ಸಂಕೇತಗಳಿಂದಲೇ ಬೇರೆ ಕೆಲವು ಜಾತಿಯವು ಗಾಯದ ಮೇಲೆ ಲೋಳೆಪೊರೆ ಕಟ್ಟಿಕೊಂಡು ಔಷಧಿಗೆ ಜಗ್ಗದೆ ಕೂರುತ್ತವೆ. ಆ ಸಂಕೇತ ತಡೆಯುವ ಗಿಡದ ರಸ ಹುಡುಕಲು ಹತ್ತಾರು ಸೊಪ್ಪು ಅರೆದು ಸೋತಿದ್ದೆ.

"ಇದನ್ನೂ ಹಾಕಿ ನೋಡಮ್ಮ," ಎಂದು ಮನೆಯೊಡತಿ ಒಣಗಿಸಿದ ದಾಳಿಂಬೆ ಸಿಪ್ಪೆ ಕೊಟ್ಟರು. "ಹೊಟ್ಟೆ ಕೆಟ್ರೆ ನಮ್ಮಮ್ಮ ಇದನ್ನೇ ಕುದಿಸಿ ಕೊಡ್ತಿದ್ಲು."

ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯ ನಡುವೆ ಅದರ ರಸ ಹಾಕಿಟ್ಟು ಎರಡು ದಿನದ ಮೇಲೆ ನೋಡಿದರೆ, ನೇರಳೆಯ ನಡುವೆ ಹಾಲಿನಂಥ ಬಿಳಿ ಉಂಗುರ. ಬ್ಯಾಕ್ಟೀರಿಯಾ ಸತ್ತಿದ್ದರೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಬದುಕಿದ್ದವು, ಬಣ್ಣ ಮಾತ್ರ ಬಂದಿರಲಿಲ್ಲ; ಅಂದರೆ ಸಂಕೇತ ನಿಂತಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ. ಹೊರಗೆ ಬಂದು ನೋಡಿದೆ. ಕರೆದು ತೋರಿಸೋಣವೆಂದರೆ ಕಾರಿಡಾರಿನಲ್ಲಿ ಒಂದು ಜೀವವಿಲ್ಲ. ಮನೆಗೆ ಓಡಿ ಅವರಿಗೇ ಹೇಳಿದೆ.

ಎಲ್ಲ ಕೇಳಿ ಅವರು ಸೀರೆ ಸರಿಸಿ, ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಸಕ್ಕರೆ ಕಾಯಿಲೆಯವರು. ಹೆಬ್ಬೆರಳ ಬುಡದಲ್ಲಿ ಒಸರುವ ಹುಣ್ಣು. ಎಷ್ಟು ತಿಂಗಳಿಂದಲೋ, ಯಾರಿಗೂ ಹೇಳಿರಲಿಲ್ಲ.

"ಹಂಗಾದ್ರೆ ಇದಕ್ಕೆ ಹಚ್ಚಬೋದೇನಮ್ಮ?"

"ಬೇಡಮ್ಮ. ತಟ್ಟೇಲಿ ಆಗಿದ್ದು ಕಾಲಲ್ಲೂ ಆಗುತ್ತಾ, ನಂಗೆ ಗೊತ್ತಿಲ್ಲ. ನಾಳೆ ಆಸ್ಪತ್ರೆಗೆ ಹೋಗಣ."

"ಇಷ್ಟು ಓದಿನೂ ಗೊತ್ತಿಲ್ಲ ಅಂತೀಯಲ್ಲ ತಾಯಿ," ಎಂದರು. ಸಿಟ್ಟೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಬೆರಳು ತೆಗೆಯಬೇಕಾಯಿತು, ಕಾಲು ಉಳಿಯಿತು. ಗೌರಿಬಿದನೂರಿನಿಂದ ಮಗಳು ಬಂದು ಕರೆದುಕೊಂಡು ಹೋದಳು. ಕೆಳಗಿನ ಮನೆಗೆ ಬೀಗ ಬಿತ್ತು. ನಾನು ರೇಡಿಯೋ ಹಾಕಿಟ್ಟು ಊಟ ಮಾಡುವುದನ್ನು ಕಲಿತೆ.

ತಿಂಗಳು ಕಳೆದು ಒಂದು ಭಾನುವಾರ ನೋಡಲು ಹೋದೆ. ಗೋಡೆ ಹಿಡಿದು ಬಾಗಿಲವರೆಗೂ ಬಂದರು.

"ನಡೀತೀನಿ ನೋಡು!"

"ಯಾವಾಗ ವಾಪಸ್ ಬರ್ತೀರಮ್ಮ?"

ಅವರು ಮಗಳ ಮುಖ ನೋಡಿದರು. ಮಗಳು ಕಾಫಿ ತರಲು ಒಳಗೆ ಹೋದಳು.

ವಾಪಸ್ ಬರುವಾಗ ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಬೇಕಿತ್ತು. ಚಿಂತಾಮಣಿ ಬಸ್ಸು ಬರುವವರೆಗೂ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಟೈಮೆಷ್ಟು ಎಂದು ಕೇಳಿದಳು. ಹೇಳಿದೆ. ಅವಳ ಬಸ್ಸು ಮೊದಲು ಬಂತು.