ಅವ್ವ ಬೆರಳು ಮಡಚಿದಳು, ಗೌರಕ್ಕ ಬಂದಳು

ಸ್ನೇಹಿತರೇ, ಕೊಟ್ಟೂರಿನ ನಮ್ಮ ಓಣಿಗೆ ಇಂದಿನಿಂದ ನಾನೇ ಕೈವೈದ್ಯ. ಪದವಿ ಕೊಟ್ಟದ್ದು ಮೊಬೈಲು.

ಮುರಿದ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದರೂ ಅವ್ವನ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ನಿಂತಿತ್ತು. ಬೆಳಿಗ್ಗೆ ಅವಳನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ ವಿಡಿಯೊ ಹಚ್ಚಿದೆ.

"ಕೈ ಮುಂದ ಚಾಚವ್ವ. ಅಂಗೈ ಕೆಳಗ. ಬೆರಳು ಮಡಚು, ಬಿಚ್ಚು."

ಅವ್ವ ಶ್ರದ್ಧೆಯಿಂದ ಮಡಚಿ ಬಿಚ್ಚುತ್ತಿದ್ದಳು. ಎದುರುಮನೆಯ ಗೌರಕ್ಕ ಸೆರಗು ಸರಿಮಾಡಿಕೊಂಡು ನೇರ ನಮ್ಮ ಕಟ್ಟೆಗೇ ಬಂದಳು. ನಲ್ಲಿ ನೀರಿನ ಜಗಳವಾದಾಗಿನಿಂದ ಅವಳಿಗೂ ಅವ್ವನಿಗೂ ಮಾತಿರಲಿಲ್ಲ.

"ನೀನಾಗೇ ಕರದಿ ಅಂತ ಬಂದೀನಿ. ಏನ್ ಹೇಳವ್ವ."

"ಯಾರು ಕರದ್ರು? ಇದು ವ್ಯಾಯಾಮ!"

"ಓಣಿ ಮಂದಿ ಮುಂದ ಕೈ ಮಾಡಿ ಕರದು, ಈಗ ವ್ಯಾಯಾಮ ಅಂತಿ?"

ನಾನು ಗಂಭೀರವಾಗಿ ಮೊಬೈಲ್ ತೋರಿಸಿದೆ. ನೋಡಿದ ಗೌರಕ್ಕನ ಮುಖ ಸಪ್ಪಗಾಯಿತು. ತಿರುಗಿ ಹೊರಟಳು.

"ಬಂದೀಯಲ್ಲ, ಕುಂದ್ರು," ಎಂದಳು ಅವ್ವ. "ಚಾ ಕಾಸಾಕ ಡಾಕ್ಟ್ರು ಅದಾನ."

ಚಹಾ ತಂದಾಗ ಅವ್ವನ ಬೆರಳುಗಳು ಗೌರಕ್ಕನ ಕೈಯಲ್ಲಿದ್ದವು. "ಮೆಲ್ಲಗ, ಮೆಲ್ಲಗ," ಎಂದು ಅವಳೇ ಮಡಚಿಸುತ್ತಿದ್ದಳು. ಮಧ್ಯಾಹ್ನ ಎದುರುಮನೆಯಿಂದ ರೊಟ್ಟಿಯೂ ಬಂತು.

ಅವ್ವನ ಮೊಣಕಾಲಿಗೂ ಒಂದು ವಿಡಿಯೊ ಹುಡುಕಿಟ್ಟಿದ್ದೆ. ಕೂತಲ್ಲೇ ಎದುರಿಗೆ ಕಾಲು ಝಾಡಿಸಬೇಕಂತೆ. ಎದುರುಮನೆ ನೋಡಿ ಕೈಬಿಟ್ಟೆ.