ಸೈಲೆನ್ಸರಿಗೆ ಬೆಲ್ಲ ಮೆತ್ತಿದ್ದು

ತನ್ನ ಗೊರಕೆ ತನಗೆ ಕೇಳಿಸದಿರುವುದು ಸೃಷ್ಟಿಕರ್ತ ಮನುಷ್ಯನಿಗೆ ಮಾಡಿರುವ ಮಹದುಪಕಾರ. ಈ ಉಪಕಾರ ಕಾರಿನ ಒಡೆಯರಿಗೂ ಅನ್ವಯಿಸುತ್ತದೆಂದು ನನಗೆ ತಿಳಿದದ್ದು ಎಪ್ಪತ್ತರ ದಶಕದಲ್ಲಿ, ಮಳವಳ್ಳಿಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ. ಬ್ಲಫ್‌ನ ವಿದ್ಯುದಾಗಾರದಿಂದ ವರ್ಗವಾದ ಇಂಜಿನಿಯರೊಬ್ಬರು, ಪೆಟ್ರೋಲು ತುಟ್ಟಿಯಾದ ಮೇಲೆ ಯಾರಿಗೂ ಬೇಡವಾದ ತಮ್ಮ ಎಂಟು ಸಿಲಿಂಡರಿನ ಅಮೆರಿಕನ್ ಕಾರನ್ನು ನನ್ನ ಕೊರಳಿಗೆ ಕಟ್ಟಿ ಹೋಗಿದ್ದರು. ಕಾರಿಗಿಂತ ಮೊದಲು ಅದರ ಆರ್ಭಟವೇ ಊರು ಸೇರುತ್ತಿತ್ತು. ನನ್ನ ಕಿವಿಗೆ ಮಾತ್ರ ಅದು ಗಂಭೀರವಾದ ಮಂದ್ರಸ್ವರ.

ಮಂಡ್ಯದ ನನ್ನ ಮಾವನವರು, ನಿವೃತ್ತ ಶಿರಸ್ತೇದಾರರು, ಅಷ್ಟು ಸಂಗೀತಪ್ರಿಯರಲ್ಲ. ಬಾಣಂತನಕ್ಕೆ ಹೋಗಿದ್ದ ಹೆಂಡತಿಯನ್ನೂ ಐದು ತಿಂಗಳ ಮಗಳನ್ನೂ ಕರೆತರುವ ಮಾತೆತ್ತಿದಾಗ, “ಈ ಗುಡುಗೋ ಗಾಡೀಲಿ ಮಗೀನ ಕಳ್ಸಕಾಯ್ತದಾ ಅಳಿಯಂದ್ರೇ? ಬೆಚ್ಚಿಬೀಳ್ತದೆ. ಮೊದ್ಲು ಸದ್ದು ಅಡಗ್ಸಿ” ಎಂದು ಆಜ್ಞಾಪಿಸಿದರು. ಬಸ್ಸಿನ ನೂಕುನುಗ್ಗಲಿಗೂ ಅವರ ಒಪ್ಪಿಗೆಯಿಲ್ಲ. ಆಷಾಢ ಹಿಡಿಯಲು ಮೂರೇ ದಿನ. ಅದು ಹಿಡಿದರೆ ಇನ್ನೊಂದು ತಿಂಗಳು ನನ್ನ ಮನೆ ಬಣಬಣ.

ಮದ್ದೂರಿನ ಮೆಕ್ಯಾನಿಕ್ ಪುಟ್ಟಸ್ವಾಮಿ ಕಾರಿನಡಿ ತೂರಿ, ಇಂಜಿನ್ನಿನ ಎರಡು ಪಕ್ಕದ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡುಗಳಿಗೆ ಹೊಸ ಪೈಪುಗಳನ್ನು ಜೋಡಿಸಿದ. ಯಾವ ಬೋಲ್ಟನ್ನೂ ಒಂದೇ ಸಲಕ್ಕೆ ಬಿಗಿಯದೆ, ಎಲ್ಲವನ್ನೂ ಸಡಿಲ ಬಿಟ್ಟು, ಪೈಪು ತನ್ನ ಜಾಗ ತಾನೇ ಹುಡುಕಿಕೊಂಡ ಮೇಲೆ ಸರದಿಯಂತೆ ತುಸುತುಸುವೇ ತಿರುಪುವ ಅವನ ತಾಳ್ಮೆಗೆ ನಾನು ಬೆರಗಾದೆ. “ಜಾಯಿಂಟ್ಗೆ ಸಂದು ಮುಚ್ಚೋ ಪ್ಯಾಕಿಂಗು ಬೇಕು ಮೇಷ್ಟ್ರೆ. ಬೆಂಗ್ಳೂರಿಂದ ಬರ್ಬೇಕು, ಒಂದ್ವಾರ ತಡ್ಕಳಿ” ಎಂದ. ಆ ತಾಳ್ಮೆ ನನ್ನಲ್ಲಿರಲಿಲ್ಲ. ಸುಣ್ಣ ಬೆಲ್ಲದ ಗಾರೆಯಲ್ಲಿ ಕೋಟೆಗಳೇ ನಿಂತಿರುವಾಗ ಒಂದು ಪೈಪು ನಿಲ್ಲಲಾರದೆ? ಪಕ್ಕದ ಅಂಗಡಿಯಿಂದ ಎರಡು ಅಚ್ಚು ಬೆಲ್ಲ ತರಿಸಿ, ಸುಣ್ಣದೊಡನೆ ಕಲಸಿ, ಸ್ವಹಸ್ತದಿಂದ ಮೆತ್ತಿದೆ. “ಇದು ಗ್ವಾಡೆ ಅಲ್ಲ ಮೇಷ್ಟ್ರೆ, ಇಂಜಿನ್ನು!” ಎಂದು ಪುಟ್ಟಸ್ವಾಮಿ ಹಣೆ ಚಚ್ಚಿಕೊಂಡ.

ಆದರೆ ಸದ್ದು ಅಡಗಿತು! ಮಂಡ್ಯ ತಲುಪುವಷ್ಟರಲ್ಲಿ ಬೆಲ್ಲ ಕುದಿದು, ಕಾರಿನ ಸುತ್ತ ಆಲೆಮನೆಯ ಘಮಲು. ಮಾವನವರು ಮೂಗರಳಿಸಿ, “ಎಲ್ಲೋ ಪಾಕ ಬಂದದೆ” ಎನ್ನುತ್ತ ತೃಪ್ತಿಯಿಂದ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ತಾಯಿಯ ಮಡಿಲಲ್ಲಿ ಮಗಳು ರಂಪ ಹಿಡಿದು ಅಳುತ್ತಲೇ ಹೊರಟಳು.

ಮದ್ದೂರು ದಾಟಿದ್ದೇ ತಡ, ಕರಿಕಾದ ಬೆಲ್ಲ ಸಿಡಿದು ಉದುರಿತು. ಕಾರು ಹಳೆಯ ಕಂಠದಲ್ಲಿ ಗರ್ಜಿಸಿತು. ಮಾವನವರು ಬೆಚ್ಚಿ ಡ್ಯಾಶ್‌ಬೋರ್ಡು ಹಿಡಿದುಕೊಂಡರು. ಮಗಳು ಮಾತ್ರ ಅಳು ನಿಲ್ಲಿಸಿ ಕಣ್ಣರಳಿಸಿದಳು. ಅವಮಾನದಿಂದ ನಾನು ಇಂಜಿನ್ ಆರಿಸಿದೆ, ಮತ್ತೆ ಚೀರಾಟ. ಹಚ್ಚಿದೆ, ನಗು.

ಹೆಂಡತಿ ಮೆಲ್ಲಗೆ ಹೇಳಿದಳು: “ನೀವು ಭಾನ್ವಾರ ಬರೋವಾಗ ಈ ಸದ್ದು ಕೇಳಿದ್ರೆ ಸಾಕು, ಬಾಗ್ಲ ಕಡೆ ತಿರುಗ್ತಿದ್ಳು ಕಣ್ರೀ. ಅಪ್ಪ ಬಂದ್ರು ಅಂತ ಅವ್ಳಿಗೆ ಗೊತ್ತಾಗ್ತಿತ್ತು.”

ನನಗೆ ರಸ್ತೆ ಮಂಜಾಯಿತು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಮಳವಳ್ಳಿಯಲ್ಲಿ ಮನೆಯ ಮುಂದೆ ನಿಲ್ಲಿಸಹೋದರೆ ಅವರೇ ನನ್ನ ಕೈ ಹಿಡಿದರು: “ಆರಿಸ್ಬೇಡಿ ಅಳಿಯಂದ್ರೇ, ಮಗು ನಗ್ತಾ ಅದೆ. ಇನ್ನೊಂದು ಸುತ್ತು ಓಗವ.”