ಪದ್ಮಲತಾ ಅವರ ಪ್ರಾಯಶ್ಚಿತ್ತ

ಮೂಡುಬಿದಿರೆ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ಪದ್ಮಲತಾ ಅವರ ಬಾಯಿ ಸುಮ್ಮನಿದ್ದುದನ್ನು ಕಂಡವರಿಲ್ಲ. ಬಳೆ ಕೊಂಡವರಿಗೆ ಊರಿನ ಮದುವೆ, ಬಾಣಂತನದ ಸುದ್ದಿಯೆಲ್ಲ ಪುಕ್ಕಟೆ. ಆದರೆ ಅದೇ ಬಾಯಿ ಸೂರ್ಯ ಮುಳುಗಿದ ಮೇಲೆ ಒಂದು ಅಗುಳನ್ನೂ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಬಸದಿಯಲ್ಲಿ ಹಿಡಿದ ವ್ರತ ಅದು. ರಾತ್ರಿ ನೀರು, ಮದ್ದಿಗೆ ಅಡ್ಡಿಯಿಲ್ಲ, ಆಹಾರ ಮಾತ್ರ ಕೂಡದು.

ಸಕ್ಕರೆ ಕಾಯಿಲೆಗೆ ಡಾಕ್ಟರು ಬೆಳಿಗ್ಗೆಗೊಂದು, ರಾತ್ರಿ ಊಟಕ್ಕೆ ಮೊದಲು ಒಂದು ಮಾತ್ರೆ ಬರೆದರು. ತನಗೆ ರಾತ್ರಿ ಊಟವೇ ಇಲ್ಲವೆಂದು ಇವರು ಹೇಳಲಿಲ್ಲ. ಹೇಳಿದರೆ ವ್ರತ ಬಿಡಿಸಿಯಾರು ಎಂಬ ಹೆದರಿಕೆ. ಊರಿಗೆಲ್ಲ ಮಾತು ಹಂಚುವ ಹೆಂಗಸು ಹೇಳಲೇಬೇಕಾದ ಒಂದನ್ನು ನುಂಗಿಕೊಂಡು ಬಂದರು ನೋಡಿ! ಹೊತ್ತು ಮುಳುಗುವ ಮೊದಲು ಊಟ, ಕತ್ತಲಾದ ಮೇಲೆ ಮಾತ್ರೆ, ಹೀಗೆ ನಡೆಯಿತು.

ಒಂದು ರಾತ್ರಿ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಸೊಸೆ ಸಾಧನಾ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು. ಅವಳು ಸಕ್ಕರೆ ನೀರು ಕಲಸಿ ಓಡಿ ಬಂದವಳು ಲೋಟ ಹಿಡಿದು ನಿಂತೇಬಿಟ್ಟಳು.

"ಅತ್ತೆ, ಕತ್ತಲಾಯ್ತು. ಕೊಡಲಾ?"

ಪದ್ಮಲತಾ ತಾವೇ ಕೈ ಚಾಚಿ ಕುಡಿದರು. ಚೇತರಿಸಿಕೊಂಡ ಮೇಲೆ, ಮತ್ತೆ ಇಳಿಯದಿರಲೆಂದು ಸೊಸೆ ಕೊಟ್ಟ ಎರಡು ಇಡ್ಲಿಯನ್ನೂ ತಿಂದರು. ತಿನ್ನುತ್ತಲೇ ಅತ್ತರು.

ಮರುದಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದರು. ಅವರು ವ್ರತ ಬಿಡಿ ಎನ್ನಲಿಲ್ಲ. ಮಾತ್ರೆಯ ಪ್ರಮಾಣ ಇಳಿಸಿ, ಅದನ್ನು ಸಂಜೆಯ ಊಟಕ್ಕೆ ಮೊದಲೇ ತೆಗೆದುಕೊಳ್ಳಲು ಹೇಳಿದರು. ಪ್ರಾಯಶ್ಚಿತ್ತಕ್ಕೆ ಒಂದು ದಿನ ಉಪವಾಸ ಮಾಡಲೇ ಎಂದು ಕೇಳಿದಾಗ ಮಾತ್ರ, ಬರೀ ಹೊಟ್ಟೆಗೆ ಈ ಮಾತ್ರೆ ಬಿದ್ದರೆ ನಿನ್ನೆಯದೇ ಕಥೆ ಎಂದು ಖಡಾಖಂಡಿತವಾಗಿ ಬೇಡವೆಂದರು.

ಹಾಗಾಗಿ ಪದ್ಮಲತಾ ಒಂದು ದಿನ ಮಾತು ಬಿಟ್ಟರು. ಅನ್ನ ಬಿಡುವುದಾದರೆ ಅವರಿಗೆ ನೀರು ಕುಡಿದಷ್ಟು ಸುಲಭವಿತ್ತು. ಗಿರಾಕಿಗಳ ಮುಂದೆ ತುಟಿ ಬಿಗಿದು ಕೂತದ್ದು ನಿಜವಾದ ತಪಸ್ಸು, ನಾನಂತೂ ಕೈ ಮುಗಿಯುತ್ತೇನೆ. ಪಕ್ಕದ ಚಪ್ಪಲಿ ಅಂಗಡಿಯ ಹನೀಫಾ ಗಾಬರಿಯಾಗಿ, ಮನೆಯಲ್ಲಿ ಜಗಳವೇ ಎಂದು ಸಾಧನಾಳನ್ನು ವಿಚಾರಿಸಿದರು. ಅತ್ತೆಯ ವ್ರತ ಕೆಡಿಸಿದವಳು ತಾನೇ ಎಂದು ಕೊರಗುತ್ತಿದ್ದ ಸಾಧನಾಳಿಗೆ ಆ ಮೌನ ಇನ್ನಷ್ಟು ಚುಚ್ಚಿತು.

ಸಂಜೆ ಮಾತ್ರೆ, ಊಟ ಮುಗಿಯಿತು. ಹೊತ್ತು ಮುಳುಗಿದ ಮೇಲೆ ಪದ್ಮಲತಾ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಬಾಯಿ ತೆರೆದರು.

"ಇನ್ನೊಮ್ಮೆ ಹಾಗಾದ್ರೆ ಕೇಳ್ಲಿಕ್ಕೆ ನಿಲ್ಬೇಡ ಮಾರಾಯ್ತಿ, ಬಾಯಿಗೆ ಹಾಕಿಬಿಡು. ವ್ರತ ನನ್ನದು, ನಾನು ನೋಡಿಕೊಳ್ತೇನೆ. ನೋಡಿಕೊಳ್ಲಿಕ್ಕೆ ನಾನು ಇರ್ಬೇಕಲ್ಲ."